ಇನ್ನೂರು ಪಟ್ಟು

ಅವರು ಯಾವ ವಸ್ತುವನ್ನೂ ಮೊದಲು ನೋಡುತ್ತಿರಲಿಲ್ಲ, ಒತ್ತುತ್ತಿದ್ದರು. ಹೋಟೆಲಿಗೆ ಹೋದರೆ ಕೂರುವ ಮುಂಚೆ ಬೆಂಚಿನ ಮೇಲೆ ಅಂಗೈ ಊರಿ ಒಮ್ಮೆ ಒತ್ತಬೇಕು. ಮದುವೆಯ ಚಪ್ಪರದಲ್ಲಿ ಊಟಕ್ಕೆ ಕಾಯುವಾಗ ಪಕ್ಕದ ಕಂಬವನ್ನು ಒಂದು ಬೆರಳಿನಿಂದ ದೂಡಿ, ಮೇಲಿನ ತಗಡು ಎಷ್ಟು ಅಲುಗಿತೆಂದು ಕತ್ತೆತ್ತಿ ನೋಡಬೇಕು. ಬಡಿಸುವವರು ಅನ್ನದ ಪಾತ್ರೆ ಹಿಡಿದು ಎದುರಿಗೆ ನಿಂತಿದ್ದರೂ ಇವರ ಕಣ್ಣು ಮೇಲೆಯೇ. "ಎಷ್ಟ್ ಹಂದತ್ತ್ ಕಾಂಬ" ಎನ್ನುವುದು ಅವರ ಬಾಯಲ್ಲಿ ಯಾವಾಗಲೂ ಇರುತ್ತಿದ್ದ ಮಾತು. ಹಂದುವುದು ಎಂದರೆ ನಮ್ಮ ಕುಂದಾಪುರದ ಮಾತಿನಲ್ಲಿ ಅಲುಗುವುದು, ಕಾಂಬ ಎಂದರೆ ನೋಡೋಣ. ಗೊತ್ತಿಲ್ಲದವರಿಗೆ ಇವರಿಗೇನೋ ತಲೆ ಸರಿ ಇಲ್ಲ ಅನ್ನಿಸುತ್ತಿತ್ತು. ಮೊದಲ ವಾರ ನನಗೂ ಹಾಗೇ ಅನ್ನಿಸಿತ್ತು.

ಹೋದ ತಿಂಗಳು ಅವರು ತೀರಿಕೊಂಡರು. ಕಡಲ ಬದಿಯ ಕೋಡಿ ಊರಿನ ತಮ್ಮ ಮನೆಯಲ್ಲಿ ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ನಾನು ಅವರ ಆಫೀಸಿನಲ್ಲಿ ಕೆಲಸ ಕಲಿತು ಅಲ್ಲೇ ಉಳಿದುಕೊಂಡವಳು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಮುಂದೆ ಹೇಳುವ ಸಂಕ, ಅಂದರೆ ಹೊಳೆ ದಾಟುವ ಕಾಲುಸೇತುವೆ, ಯಾವ ಊರಿನದೆಂದು ಎಲ್ಲರಿಗೂ ಗೊತ್ತಾಗುತ್ತದೆ, ಆ ಊರಿನಲ್ಲಿ ನನ್ನ ಅಕ್ಕ ಇದ್ದಾಳೆ.

ಕುಂದಾಪುರದಲ್ಲಿ ಒಂದು ಔಷಧಿ ಅಂಗಡಿಯ ಮಾಳಿಗೆಯ ಮೇಲೆ ನಮ್ಮ ಆಫೀಸು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರು ಮನೆ, ಮದುವೆ ಹಾಲ್, ಅಂಗಡಿ ಸಾಲು ಕಟ್ಟಿಸಿದರೂ ಕಂಬ ಎಷ್ಟು ದಪ್ಪವಿರಬೇಕು, ಒಳಗೆ ಎಷ್ಟು ಸರಳು ಹಾಕಬೇಕು ಎಂದು ಲೆಕ್ಕ ಮಾಡಿ ಕೊಡುವುದು ನಮ್ಮ ಕೆಲಸ. ಕಟ್ಟಡವನ್ನು ಕಂಪ್ಯೂಟರಿನಲ್ಲಿ ಗೆರೆಗಳಾಗಿ ಬರೆದು, ಅದರ ಮೇಲೆ ಜನರ ಭಾರ, ಕಡಲಿನ ಗಾಳಿ ಎಲ್ಲ ಹೊರಿಸಿದರೆ, ಯಾವ ಮೂಲೆ ಎಷ್ಟು ಬಾಗುತ್ತದೆಂದು ಸಾಫ್ಟ್‌ವೇರ್ ಹೇಳುತ್ತದೆ. ಉಳಿದ ಆಫೀಸಿನವರು ಆ ಅಂಕಿಗಳನ್ನು ಪ್ರಿಂಟ್ ಹಾಕಿ, ಪಿನ್ನು ಹೊಡೆದು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನಮ್ಮ ಸರ್‌ಗೆ ಅದು ಸಾಲದು. ಕಟ್ಟಡ ಅಲುಗುವುದನ್ನೇ ವೀಡಿಯೊ ಮಾಡಿ, ಮನೆ ಯಜಮಾನರನ್ನೂ ಅವರ ಹೆಂಡತಿಯನ್ನೂ ಕರೆದು ಕೂರಿಸಿ ತೋರಿಸಬೇಕು.

"ನಂಬ್ರ ಯಾರೂ ಓದುದಿಲ್ಲೆ ಮಗಾ. ಹಂದುದ್ ಮಾತ್ರ ಎಲ್ಲರ್ಗೂ ಕಾಂತ್" ಎನ್ನುತ್ತಿದ್ದರು.

ಒಂದು ತೊಡಕಿದೆ. ನಿಜವಾದ ಕಟ್ಟಡ ಬಾಗುವುದು ಅಕ್ಕಿಕಾಳಿನ ದಪ್ಪದಷ್ಟು. ಅದನ್ನು ಇದ್ದ ಹಾಗೇ ತೋರಿಸಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಹಾಗಾಗಿ ಸಾಫ್ಟ್‌ವೇರಿನಲ್ಲಿ ನೂರು ಪಟ್ಟೋ ಇನ್ನೂರು ಪಟ್ಟೋ ಹಿಗ್ಗಿಸಿ ತೋರಿಸುತ್ತೇವೆ, ಎಷ್ಟು ಪಟ್ಟೆಂದು ವೀಡಿಯೊದ ಮೂಲೆಯಲ್ಲಿ ಸ್ಕೇಲ್ ಫ್ಯಾಕ್ಟರ್ ಎಂದು ಬರೆದಿರುತ್ತದೆ. ಎಷ್ಟು ಹಿಗ್ಗಿಸಬೇಕು, ಎಷ್ಟು ನಿಧಾನ ಇರಬೇಕು ಎನ್ನುವುದೇ ಆ ಕೆಲಸದ ಹದ. ಸರ್ ನನ್ನ ಕುರ್ಚಿಯ ಹಿಂದೆ ನಿಂತು ಕೈಕಟ್ಟಿ ನೋಡುವರು. "ಹೆದ್ರಿಕಿ ಆಪಂಗ್ ಮಾಡ್ಬ್ಯಾಡ. ಮಗು ಮನ್ಗಿದ್ ತೊಟ್ಲ್ ಹಂದ್ದಂಗ್ ಹಂದ್ಕ್." ನಾನು ವೇಗ ಇಳಿಸಿ, ಇನ್ನೂ ಇಳಿಸಿ, ಕೊನೆಗೆ ಪರದೆಯ ಮೇಲಿನ ಮನೆ ಉಸಿರಾಡುವ ಹಾಗೆ ಕಾಣಿಸತೊಡಗಿದಾಗ ಅವರು "ಹಾಂ" ಎಂದು ಹೋಗಿ ಕೂರುವರು. ಅವರು ಹಾಂ ಎಂದ ದಿನ ನನಗೆ ಊಟ ರುಚಿಸುತ್ತಿತ್ತು.

ಬಂದವರೆಲ್ಲ ಕೇಳುವುದು ಒಂದೇ: ಗಟ್ಟಿ ಇದೆಯಾ. ಒಮ್ಮೆ ಘಟ್ಟದ ಮೇಲಿನ ಕಂಟ್ರಾಕ್ಟರೊಬ್ಬರು ಬಂದಿದ್ದರು. ಸರ್ ಅವರಿಗೂ ಹೇಳಿದರು. "ಗಟ್ಟಿ ಅಂದ್ರೆ ಹಂದ್ದೇ ಇಪ್ದಲ್ಲ ಮಾರಾಯ್ರೆ. ಹಂದಿ, ಪುನಾ ತನ್ನ ಜಾಗಿಗೆ ಬಪ್ದ್." ಅವರು ಸ್ವಲ್ಪ ಹೊತ್ತು ಯೋಚಿಸಿ, "ಚಿಂತೆ ಬೇಡ ಸರ್, ಸುತ್ತ ಕಾಂಪೌಂಡ್ ಹಾಕ್ತೀವಿ, ಹಂದಿ ಒಳಗೆ ಬರಲ್ಲ" ಎಂದರು. ಸರ್ ನಕ್ಕ ನಗೆಗೆ ಕೆಳಗಿನ ಔಷಧಿ ಅಂಗಡಿಯವರು ಮೇಲೆ ಬಂದು ನೋಡಿ ಹೋದರು. ಆಮೇಲೆ ಎಷ್ಟೋ ದಿನ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳಿದರು, ಒಮ್ಮೆ ನನಗೇ ಹೇಳಿದರು.

ಅಂಥ ಮನುಷ್ಯ ಕೊನೆಕೊನೆಗೆ ನಗುವುದನ್ನೇ ಬಿಟ್ಟರಲ್ಲ, ಅದನ್ನು ಬರೆಯಬೇಕು.

ನನ್ನ ಅಕ್ಕನ ಊರು ವಂಡ್ಸೆಯಿಂದ ಒಳಗೆ. ಹೊಳೆಯ ಆಚೆ ಅವಳ ಮನೆ, ಈಚೆ ರಸ್ತೆ ಬದಿಯಲ್ಲಿ ಅವಳ ಜಿನಸಿ ಅಂಗಡಿ. ನಡುವೆ ಎರಡು ತೆಂಗಿನ ಮರ ಅಡ್ಡ ಹಾಕಿದ ಕಾಲುಸಂಕ, ಹಿಡಿದುಕೊಳ್ಳಲು ಒಂದು ಹಗ್ಗ. ಹೊಳೆ ತುಂಬಿದಾಗ ಅದರ ಮೇಲೆ ನೀರು ಹರಿಯುತ್ತದೆ, ಆಗ ಊರವರೆಲ್ಲ ದೂರದ ಸೇತುವೆಯ ಮೇಲೆ ಸುತ್ತಿ ಬರಬೇಕು. ಅಲ್ಲಿಗೆ ಕಬ್ಬಿಣದ ಸಂಕ ಮಂಜೂರಾದಾಗ ಅದರ ಲೆಕ್ಕಾಚಾರ ನಮ್ಮ ಆಫೀಸಿಗೆ ಬಂತು. ಅಕ್ಕ ದಾಟುವ ಸಂಕ ಎಂದು ನಾನು ಅದರ ಒಂದೊಂದು ಬೋಲ್ಟನ್ನೂ ಎರಡೆರಡು ಸಲ ನೋಡಿದೆ. ಸರ್ ಅಂತೂ ಮದುಮಗಳನ್ನು ಸಿಂಗರಿಸುವವರ ಹಾಗೆ ಅದರ ಹಿಂದೆ ಬಿದ್ದರು. ಸಂಕ ಎದ್ದು ನಿಂತು, ಬಣ್ಣವಾಗಿ, ಇನ್ನು ಜನ ದಾಟುವುದೊಂದು ಬಾಕಿ ಎನ್ನುವಾಗ, ಅದರ ವೀಡಿಯೊವನ್ನು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಬೇಕೆಂದು ಅವರಿಗೆ ಹುಕಿ ಬಂತು.

"ಮೂಲಿಯಂಗೆ ಸ್ಕೇಲ್ ಫ್ಯಾಕ್ಟರ್ ಅಂದ್ ಇಂಗ್ಲಿಷಿನಂಗ್ ಇತ್ತಲೆ, ಅದ್ ತೆಗಿ. ಊರವ್ರಿಗೆ ಕನ್ನಡದಂಗೇ ಹಾಕುವ" ಎಂದರು.

ನಾನು "ಅಲುಗಾಟವನ್ನು 200 ಪಟ್ಟು ಹಿಗ್ಗಿಸಿ ತೋರಿಸಲಾಗಿದೆ" ಎಂದು ಟೈಪ್ ಮಾಡಿದೆ. ಸಾಲು ಉದ್ದವಾಗಿ ಸಂಕದ ಪಕ್ಕದ ಕಂಬಿಯ ಮೇಲೆ ಬಿತ್ತು. ಸರ್‌ಗೆ ಅದು ಹಿಡಿಸಲಿಲ್ಲ. ಅಷ್ಟು ಚಂದದ ಕಂಬಿಯ ಮೇಲೆ ಅಕ್ಷರ ಯಾಕೆ ಎಂದು ತಾವೇ ಮೌಸ್ ಹಿಡಿದು ಒಂದೊಂದೇ ಪದ ಅಳಿಸಿದರು. ಕೊನೆಗೆ ಮೂಲೆಯಲ್ಲಿ ಉಳಿದದ್ದು "ಅಲುಗಾಟ: 200 ಪಟ್ಟು" ಎಂದಷ್ಟೇ. ನೋಡಿ ಹಾಂ ಎಂದರು. ನನಗೂ ಚಂದವೇ ಕಾಣಿಸಿತು.

ಊರು ಅದನ್ನು ಓದಿದ್ದು ಹೀಗೆ: ಈ ಸಂಕ ತೆಂಗಿನ ಮರಕ್ಕಿಂತ ಇನ್ನೂರು ಪಟ್ಟು ಹೆಚ್ಚು ಅಲುಗುತ್ತದೆ. ಸಾಲದ್ದಕ್ಕೆ ಸಾಫ್ಟ್‌ವೇರಿನಲ್ಲಿ ಎಲ್ಲಿ ಹೆಚ್ಚು ಬಾಗುತ್ತದೋ ಅಲ್ಲಿ ಕೆಂಪು ಬಣ್ಣ ಬರುತ್ತದೆ. ಅದು ಬರಿಯ ಗುರುತು. ಊರವರ ಪಾಲಿಗೆ ಕೆಂಪೆಂದರೆ ಅಪಾಯ. ನಡುಮಧ್ಯ ಕೆಂಪಾಗಿ ಜೋತುಬಿದ್ದು ಮೇಲೇಳುವ ಸಂಕವನ್ನು ಜನ ಒಬ್ಬರಿಂದೊಬ್ಬರಿಗೆ ಕಳಿಸಿದರು. ಸಂಜೆಯೊಳಗೆ ಅದು ಬ್ರಹ್ಮಾವರದಲ್ಲಿ ನನ್ನ ಗಂಡನ ಫೋನಿಗೂ ಬಂತು, ಕೆಳಗೆ ಯಾರೋ "ಹೊಸ ಸಂಕದ ಅವಸ್ಥೆ ಕಾಣಿ" ಎಂದು ಬರೆದಿದ್ದರು.

ಶಾಲೆಯಲ್ಲಿ ಸಭೆ ಸೇರಿತು. ಎದುರಿನ ಸಾಲಿನಲ್ಲಿ ಮಂಜಣ್ಣ, ಇದು ಅವರ ನಿಜವಾದ ಹೆಸರಲ್ಲ. ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ವ್ಯಾಪಾರಸ್ಥ, ಹೆಗಲ ಮೇಲೆ ಯಾವಾಗಲೂ ಒಂದು ಟವೆಲು, ನಮ್ಮ ಮಾತಿನ ಬೈರಾಸು. ಸರ್ ಎದ್ದು ನಿಂತು ಹಿಗ್ಗಿಸುವುದು ಎಂದರೇನೆಂದು ವಿವರಿಸಿದರು. ಆಮೇಲೆ ಹಿಗ್ಗಿಸದೆ, ಇದ್ದ ಹಾಗೇ ಮಾಡಿದ ವೀಡಿಯೊವನ್ನು ಗೋಡೆಯ ಮೇಲೆ ಬಿಟ್ಟರು. ಸಂಕ ಸುಮ್ಮನೆ ನಿಂತಿತ್ತು. ಎಲ್ಲರೂ ನೋಡಿದರು, ಇನ್ನೂ ನೋಡಿದರು.

"ಕಂಪ್ಯೂಟರ್ ಹ್ಯಾಂಗ್ ಆಯ್ತ್ ಕಾಣತ್ತ್" ಎಂದರು ಹಿಂದಿನಿಂದ ಯಾರೋ.

"ಹ್ಯಾಂಗ್ ಆದ್ದಲ್ಲ, ಇದೇ ನಿಜ" ಎಂದರು ಸರ್.

ಮಂಜಣ್ಣ ಎದ್ದರು. "ಹ್ವಾಯ್ ಸರ್, ಮೊನ್ನೆ ಹಂದ್ದ್ ಸಂಕ ಇವತ್ತ್ ಹಂದುದಿಲ್ಲೆ ಅಂದ್ರೆ ಎಂತ ಅರ್ಥ? ಮೊನ್ನೆದ್ ನೀವ್ ಬಾಯ್ತಪ್ಪಿ ಹೇಳಿದ್ ನಿಜ. ಇವತ್ತಿಂದ್ ನಮ್ ಬಾಯಿ ಮುಚ್ಚುಕ್ ಮಾಡಿದ್. ಹೌದಾ ಅಲ್ದಾ?"

ಸಭೆ ನಕ್ಕಿತು. ಮುಂದಿನ ವಾರ ಸರ್ ಸಂಕದ ತುಂಬ ಮರಳಿನ ಚೀಲ ಪೇರಿಸಿ, ಇಡೀ ದಿನ ಬಿಟ್ಟು, ಬಾಗಿದ್ದನ್ನು ಅಳೆದು ತೋರಿಸಿದರು. ಅದಕ್ಕೂ ಮಂಜಣ್ಣನ ಹತ್ತಿರ ಉತ್ತರವಿತ್ತು. "ಮರಳ್ ಚೀಲ ನಡೀತ್ತಾ?" ಅವರ ಪಕ್ಕದಲ್ಲಿ ನಿಂತು ತಲೆ ಆಡಿಸಿದವರಲ್ಲಿ ನನ್ನ ಅಕ್ಕನೂ ಒಬ್ಬಳು. ನಾನು ಅವಳ ಮುಖ ನೋಡಲಿಲ್ಲ, ಅವಳು ನನ್ನ ಮುಖ ನೋಡಲಿಲ್ಲ.

ಆವತ್ತು ಬಸ್ಸಿನಲ್ಲಿ ಕೂರುವಾಗ ಸರ್ ಸೀಟನ್ನು ಒತ್ತಲಿಲ್ಲ. ಸುಮ್ಮನೆ ಕೂತರು. ಟಿಕೆಟ್ ತೆಗೆದುಕೊಂಡ ಮೇಲೆ, "ಎರಡ್ ಶಬ್ದ ಮಗಾ. ಹಿಗ್ಗಿಸಿ ತೋರಿಸಿದ್ದು ಅಂದ್ ಇದ್ದಿದ್ರೆ ಆತಿತ್ತ್. ನಂಗೆ ಚಂದ ಹೆಚ್ಚಾಯ್ತ್" ಎಂದರು. ಅವರ ಕಿವಿ ಕೆಂಪಾಗಿತ್ತು. ಅಷ್ಟು ವಯಸ್ಸಾದವರು ಪರೀಕ್ಷೆಯಲ್ಲಿ ಫೇಲಾದ ಮಗುವಿನ ಹಾಗೆ ತಲೆ ತಗ್ಗಿಸಿ ಕೂತದ್ದನ್ನು ನೋಡಲಾಗದೆ ನಾನು ಕಿಟಕಿಯ ಹೊರಗೆ ನೋಡಿದೆ.

ಅಲ್ಲಿಂದ ಮೇಲೆ ಆಫೀಸಿನಲ್ಲಿ ಒಂದು ವೀಡಿಯೊವನ್ನೂ ಮಾಡಿಸಲಿಲ್ಲ. ಯಾರಾದರೂ ಕೇಳಿದರೆ "ನಂಬ್ರ ಸಾಕ್" ಎನ್ನುತ್ತಿದ್ದರು. ಕಿರಿಮಂಜೇಶ್ವರದಿಂದ ಒಬ್ಬರು, ತಮ್ಮನ ಮನೆಯ ವೀಡಿಯೊ ನೋಡಿ ಆಸೆಪಟ್ಟು ಬಂದವರು, ಬೇಸರದಿಂದ ಬೇರೆ ಆಫೀಸಿಗೆ ಹೋದರು. ಹೋಗಲಿ ಬಿಡಿ ಅಂದುಕೊಂಡೆ. ಆದರೆ ಪೇಟೆಯಲ್ಲಿ "ಆ ಸಂಕ ಮಾಡಿದ್ ನೀವೇ ಅಲ್ದಾ" ಎಂದು ಯಾರಾದರೂ ಕೇಳಿದಾಗ ಅವರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾ "ಹೌದ್, ನಾನೇ" ಎನ್ನುವುದನ್ನು ಕೇಳಲು ಕಷ್ಟವಾಗುತ್ತಿತ್ತು.

ಮತ್ತೆ ಭಾನುವಾರಗಳು. ವಾರದ ದಿನ ಆಫೀಸು ಬಿಡುವ ಹಾಗಿಲ್ಲ, ಹಾಗಾಗಿ ಪ್ರತಿ ಭಾನುವಾರ ಕೊಲ್ಲೂರು ಬಸ್ಸು ಹತ್ತಿ ಸಂಕದ ಹತ್ತಿರ ಹೋಗುತ್ತಿದ್ದರು. ನಾನೂ ಬ್ರಹ್ಮಾವರದಿಂದ ಅಕ್ಕನನ್ನು ನೋಡುವ ನೆಪದಲ್ಲಿ ಎಷ್ಟೋ ಸಲ ಜೊತೆಗೆ ಹೋದೆ. ಸರ್ ಸಂಕದ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ನಡೆಯುವರು. ನಡುವೆ ನಿಂತು ಹೊಳೆ ನೋಡುವರು. ಯಾರನ್ನೂ ಕರೆಯುತ್ತಿರಲಿಲ್ಲ, ಉಪದೇಶ ಮಾಡುತ್ತಿರಲಿಲ್ಲ. ತಾವು ದಾಟುವುದನ್ನು ನೋಡಿ ಒಬ್ಬರಾದರೂ ಹಿಂದೆ ಬಂದಾರು ಎನ್ನುವುದೊಂದೇ ಆಸೆ. ನಾನು ದಾಟಿದರೆ ಲೆಕ್ಕಕ್ಕಿಲ್ಲ, ನಾನು ಅವರ ಪಾರ್ಟಿ. ಊರವರು ನಮ್ಮನ್ನು ಕಂಡೊಡನೆ ದಾರಿ ಬದಲಿಸಿ ತೆಂಗಿನ ಮರದ ಕಡೆ ಹೋಗುವರು, ಇಲ್ಲವೇ ಮನೆಯಿಂದ ಹೊರಗೇ ಬರರು.

ಅಕ್ಕನ ಅಂಗಡಿಯಲ್ಲಿ ಸರ್‌ಗೆ ಮಜ್ಜಿಗೆ. "ನೀವ್ ಹ್ಯಾಂಗ್ ಬತ್ರಿ ಅಕ್ಕಾ?" ಎಂದು ಒಮ್ಮೆ ಕೇಳಿದರು.

"ಸುತ್ತಿ ಬತ್ತೆ ಸರ್, ರೋಡಂಗೆ" ಎಂದಳು ಅಕ್ಕ. ಮಜ್ಜಿಗೆಯ ಲೋಟದಿಂದ ಕಣ್ಣೆತ್ತಲಿಲ್ಲ.

"ಕಾಲ್ ನೋವಾತಿಲ್ಲ್ಯಾ?" ಎಂದು ಕೇಳಿದರು ಆ ಪುಣ್ಯಾತ್ಮ.

ಒಂದು ಭಾನುವಾರ ಸಂಕದ ನಡುವೆ ಎಲೆಅಡಿಕೆ ಉಗುಳಿದ ಕಲೆ ಕಂಡು ಅವರಿಗೆ ಆದ ಸಂತೋಷ ಹೇಳತೀರದು. ನನ್ನನ್ನು ಕರೆದು ತೋರಿಸಿದರು. ಯಾರೋ ದಾಟಿದ್ದಾರೆ, ಹೆದರಿದವರು ಹಾಗೆ ನಿಧಾನಕ್ಕೆ ಜಗಿದು ಉಗುಳುವುದಿಲ್ಲ, ಎಂದೆಲ್ಲ ವಿಶ್ಲೇಷಣೆ. ಅಂಗಡಿಯ ಹತ್ತಿರ ನಿಂತವರನ್ನು ಕೇಳಿದರೆ, "ಬೇರೆ ಊರವ್ರ್ ಆಯ್ಕ್ ಸರ್" ಎಂದರು. ಸರ್ ತಲೆಯಾಡಿಸಿ ಕೊಡೆ ಬಿಚ್ಚಿದರು.

ಇನ್ನೊಂದು ಭಾನುವಾರ ಜಿಟಿಜಿಟಿ ಮಳೆ. ನಾವು ಸಂಕದ ಮೇಲಿದ್ದೆವು. ಆಚೆಯಿಂದ ಬಂದ ಮಂಜಣ್ಣ ನಮ್ಮನ್ನು ನೋಡಿ ಗಕ್ಕನೆ ನಿಂತು, ಪಂಚೆ ಎತ್ತಿ ಕಟ್ಟಿ ತೆಂಗಿನ ಮರಕ್ಕೆ ಇಳಿದರು. ಪಾಚಿಯ ಮೇಲೆ ಕಾಲು ಜಾರಿ ಸೊಂಟದವರೆಗಿನ ನೀರಿಗೆ ಬಿದ್ದರು. ಸರ್ ಕೊಡೆ ಬಿಸಾಡಿ ಓಡಿ, ದಡದಲ್ಲಿ ಮಂಡಿಯೂರಿ, ಕೈ ಕೊಟ್ಟು ಎಳೆದುಕೊಂಡರು. ಇಬ್ಬರೂ ಕೆಸರು. ಸರ್ ಅವರ ಕೈ ಬಿಡದೆ, "ನನ್ನಿಂದ ನಿಮ್ಗೆ ಈ ಅವಸ್ಥಿ. ತಪ್ಪ್ ನಂದ್ ಮಂಜಣ್ಣ, ಮಾಫ್ ಮಾಡ್ಕ್" ಎಂದರು. ಮಂಜಣ್ಣ ಕೈ ಬಿಡಿಸಿಕೊಂಡರು. ಬೈರಾಸು ಹಿಂಡುತ್ತಾ ಹೊರಟುಹೋದರು. ಎಂಥ ಸೊಕ್ಕು ಈ ಮನುಷ್ಯನಿಗೆ ಎಂದು ನನಗೆ ಮೈಯೆಲ್ಲ ಉರಿಯಿತು.

ಸರ್ ತೀರಿಕೊಂಡ ದಿನ ಕೋಡಿಗೆ ಆ ಊರಿನಿಂದ ಒಂದು ವ್ಯಾನಿನ ತುಂಬ ಜನ ಬಂದರು. ಅಕ್ಕ ಒಳಗೆ ಬಂದಳು. ಮಂಜಣ್ಣ ಗೇಟಿನ ಹತ್ತಿರವೇ ನಿಂತು ಬೈರಾಸಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಸರ್ ಹೆಂಡತಿ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು. "ಸಂಕದ್ ಊರವ್ರಾ ಇವ್ರ್? ಈಗಾರೂ ಅದ್ರ್ ಮೇಲ್ ಹ್ವಾಪ್ರಾ? ಇವ್ರ್ ಮೊನ್ನೆ ಉಂಬತಿಗೂ ಅದ್ನೇ ಹೇಳ್ತಿದ್ರ್, ಒಬ್ರಾರೂ ದಾಟುದ್ ಕಂಡ್ರ್ ಸಾಕಿತ್ತ್ ಅಂದ್."

ನಾನು ಇಲ್ಲ ಎನ್ನಲಾರದೆ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಪಕ್ಕದಲ್ಲಿದ್ದ ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ನಮ್ಮ ಸರ್‌ಗೂ ಅವಳಿಗೂ ಒಂದು ಲೋಟ ಮಜ್ಜಿಗೆಯ ಪರಿಚಯ. ಇವಳೇಕೆ ಇಷ್ಟು ಅಳುತ್ತಾಳೆ ಎಂದುಕೊಂಡೆ.

ಸಂಸ್ಕಾರ ಮುಗಿದ ಮೇಲೆ, ಮನೆಯ ಹಿಂದೆ ಮರಳಿನ ಮೇಲೆ ನಿಂತಿದ್ದಾಗ ಅವಳೇ ಬಾಯಿಬಿಟ್ಟಳು, ತಂಗಿಯನ್ನು ಮೊದಲಿನಿಂದಲೂ ಕರೆಯುವ ಹಾಗೆ ಹೆಣೆ ಎಂದು.

"ನಾವ್ ದಾಟ್ತೊ ಹೆಣೆ."

"ಎಂತ?"

"ಸಂಕ. ಮೊದಲ್ನೇ ಮಳಿಗಾಲದಿಂದ್ಲೂ ದಾಟ್ತೊ. ಮಂಜಣ್ಣನ ದನ ಆಚಿ ಬದಿಯಂಗ್ ಉಳ್ದಿತ್ತ್, ಹೊಳಿ ಏರ್ತಾ ಇತ್ತ್. ಯಾರೂ ಇಲ್ಲೆ ಅಂದ್ಕಂಡ್ ಅವ್ರ್ ಸಂಕದ್ ಮೇಲೆ ಹೋಯಿ ದನ ಹಿಡ್ಕಂಡ್ ಬಂದ್ರ್. ನಾನ್ ಅಂಗಡಿಯಿಂದ ಕಂಡೆ. ಅವ್ರೂ ನನ್ನ್ ಕಂಡ್ರ್. ಇಬ್ರೂ ಮಾತಾಡ್ಲಿಲ್ಲೆ. ಮರ್ದಿನ ನಾನೂ ಹೋದೆ. ಹೀಂಗೇ ಒಬ್ಬೊಬ್ರ್ ಹೋಯಿ ಹೋಯಿ, ಈಗ ಇಡೀ ಊರೇ ಹೋಪ್ದ್."

"ಮತ್ತೆ ಭಾನುವಾರ?"

ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಅವ್ರ್ ಬಪ್ಪತಿಗೆ ನಾಚ್ಕಿ ಆತಿತ್ತ್. ಸಭೆಯಂಗ್ ಅವ್ರ್ ಮೋರೆಗ್ ಹೊಡ್ದಂಗ್ ಮಾತಾಡಿ, ಈಗ ಅವ್ರ್ ಎದ್ರ್ ಯಾವ ಮೋರೆ ಹೊತ್ಕಂಡ್ ಅದ್ರ್ ಮೇಲ್ ನಡೆವ್ದ್? ಅದ್ಕೇ ಅವ್ರ್ ಕಂಡ್ರ್ ಮರದ್ ಬದಿಗ್ ಹೋತಿದ್ದೊ. ಮಂಜಣ್ಣ ಬಿದ್ದದ್ದೂ ಅದ್ಕೇ."

"ಒಂದ್ ಮಾತ್ ಹೇಳೂಕ್ ಆತಿರ್ಲಿಲ್ಲ್ಯಾ ಅಕ್ಕಾ? ನಂಗಾರೂ?"

"ಅವ್ರ್ ಒಂದ್ ಸಲ ಬೈದಿದ್ರೆ ಹೇಳ್ತಿದ್ದೊ ಹೆಣೆ. ಅವ್ರ್ ಬೈಲಿಲ್ಲೆ. ಮಂಜಣ್ಣನ ಹತ್ರ ಅವ್ರೇ ಮಾಫ್ ಕೇಣ್ರಲೆ, ಆಮೇಲ್ ಹ್ಯಾಂಗ್ ಹೇಳುದ್? ಮುಂದಿನ್ ವಾರ ಹೇಳುವ, ಮುಂದಿನ್ ವಾರ ಹೇಳುವ ಅಂದ್ಕಂಡೇ ಇದ್ದೊ."

ನನಗೆ ಅವಳ ಕೆನ್ನೆಗೆ ಹೊಡೆಯುವಷ್ಟು ಸಿಟ್ಟು ಬಂತು. ಆದರೆ ಹೊಡೆಯುವುದು ಯಾರಿಗೆ? ಅವಳು ನನ್ನ ಒಡಹುಟ್ಟಿದವಳು, ಅವಳ ನಾಚಿಕೆ ಎಂಥದೆಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಸೋತೆ ಎಂದು ಹೇಳುವುದಕ್ಕಿಂತ ಹೊಳೆಗೆ ಬೀಳುವುದು ಸುಲಭ. ಸರ್ ತಮ್ಮ ಎರಡು ಶಬ್ದಕ್ಕೆ ನಾಚಿಕೊಂಡೇ ಸತ್ತರು, ಊರು ಅವರ ಎದುರು ನಾಚಿಕೊಂಡು ಹೊಳೆಗೆ ಇಳಿಯಿತು, ನಾನು ಎರಡೂ ಕಡೆಯವಳಾಗಿ ಇಬ್ಬರ ನಾಚಿಕೆಯನ್ನೂ ಹೊತ್ತುಕೊಂಡು ಆ ಮರಳಿನ ಮೇಲೆ ನಿಂತಿದ್ದೆ. ಒಳಗೆ ಅವರ ಹೆಂಡತಿ ಇದ್ದರು. ಅವರು ಕೇಳಿದ್ದಕ್ಕೆ ಈಗ ನನ್ನ ಹತ್ತಿರ ಉತ್ತರವಿತ್ತು, ಹೋಗಿ ಹೇಳುವ ಮುಖವಿರಲಿಲ್ಲ.

ಮುಂದಿನ ಭಾನುವಾರ ಒಬ್ಬಳೇ ಹೋದೆ. ಜನ ದಾಟುವುದನ್ನು ಫೋನಿನಲ್ಲಿ ತೆಗೆದು ಅವರ ಹೆಂಡತಿಗೆ ತೋರಿಸುವುದು, ಬಾಯಲ್ಲಿ ಹೇಳಲಾಗದ್ದನ್ನು ಅದಾದರೂ ಹೇಳೀತು ಎಂದು ಲೆಕ್ಕ ಹಾಕಿದ್ದೆ. ಸಂಕದ ಈಚೆ ತುದಿಯಲ್ಲಿ ನಿಂತೆ. ಆಚೆಯಿಂದ ಮಂಜಣ್ಣ, ಹಿಂದೆ ಚೀಲ ಹಿಡಿದ ಇಬ್ಬರು ಹೆಂಗಸರು. ಮಾತಾಡುತ್ತಾ ಬಂದವರು ನನ್ನನ್ನು, ಎತ್ತಿ ಹಿಡಿದ ಫೋನನ್ನು ನೋಡಿ ನಿಂತರು. ಮಂಜಣ್ಣ ಪಂಚೆಯ ಅಂಚಿಗೆ ಕೈ ಹಾಕಿ ತೆಂಗಿನ ಮರದ ಕಡೆ ಒಂದು ಹೆಜ್ಜೆ ಇಟ್ಟರು. ಅವರ ಕಣ್ಣಿಗೆ ನಾನು ಇನ್ನೂ ಸರ್ ಕಡೆಯವಳೇ.

ಬನ್ನಿ, ನನಗೆ ಎಲ್ಲ ಗೊತ್ತು ಎಂದು ಕೂಗಬಹುದಿತ್ತು. ಕೂಗಿದ್ದರೆ ಅವರು ಆವತ್ತೂ ನೀರಿಗೇ ಇಳಿಯುತ್ತಿದ್ದರು.

ಫೋನನ್ನು ಬ್ಯಾಗಿಗೆ ಹಾಕಿ, ಸಂಕಕ್ಕೆ ಬೆನ್ನು ಮಾಡಿ ನಿಂತುಕೊಂಡೆ. ಆಮೇಲೆ ಕಬ್ಬಿಣದ ಮೇಲೆ ಒಂದು ಹೆಜ್ಜೆ, ಅದರ ಹಿಂದೆ ಇನ್ನೊಂದು. ಅವರೆಲ್ಲ ನನ್ನ ಪಕ್ಕದಿಂದಲೇ ಹಾದು ರಸ್ತೆಗೆ ಹೋದರು. ನಾನು ತಲೆ ಎತ್ತಲಿಲ್ಲ.